ಗಡಗಡೆಯ ಕಿರುಚಾಟ ನಿಂತಿತು

ಗದಗಿನ ನಮ್ಮ ಮನೆಯ ಹಿತ್ತಲ ಬಾವಿಯ ಗಡಗಡೆ ಎರಡು ತಿಂಗಳಿಂದ ಕಿರುಚುತ್ತಿತ್ತು. ಎಣ್ಣೆ ಬಿಟ್ಟರೆ ಒಂದು ದಿನ ಸುಮ್ನೆ ಇರುತ್ತಿತ್ತು, ಮರುದಿನ ಮತ್ತೆ ಅದೇ ರಾಗ. ಹಗ್ಗ ಬೇರೆ ಗಾಲಿ ಬಿಟ್ಟು ಪಕ್ಕದ ಪಟ್ಟಿಯೊಳಗೆ ಸಿಕ್ಕಿಕೊಳ್ಳುತ್ತಿತ್ತು, ಅವ್ವನ ಬೈಗುಳ ನನಗೆ.

ಕೊನೆಗೆ ಬಿಚ್ಚಿ ನೋಡಿದೆ. ಅಚ್ಚು ಒಂದೇ ಕಡೆ ಸವೆದು ಗಾಲಿ ವಾಲಿತ್ತು, ಮೇಲಾಗಿ ನಾನು ತಂದಿದ್ದ 20 ಮಿಲಿಮೀಟರ್ ನೈಲಾನ್ ಹಗ್ಗ ಅದರ ಸಣ್ಣ ತೋಡಿನಲ್ಲಿ ಕೂರುವಂಥದ್ದೇ ಅಲ್ಲ. ತಪ್ಪು ನನ್ನದೇ ಅಲ್ವಾ!

ಹೊಸದು ತರುವಾಗ ಹಗ್ಗದ ತುಂಡನ್ನು ಜೇಬಲ್ಲಿಟ್ಟುಕೊಂಡು ಹೋಗಿ, ತೋಡಿನಲ್ಲಿ ಕೂರಿಸಿ ನೋಡಿಯೇ ಕೊಂಡೆ. ಸ್ವಲ್ಪ ದೊಡ್ಡ ಗಾಲಿಯನ್ನೇ ಆರಿಸಿದೆ. ಅದರ ಮೇಲೆ ಹಗ್ಗ ಜಾಸ್ತಿ ಬಿಗಿಯಾಗಿ ಬಾಗುವುದಿಲ್ಲ, ಬೇಗ ಎಳೆ ಬಿಡುವುದಿಲ್ಲ. ಗ್ರೀಸ್ ಅಚ್ಚಿಗೆ ಮಾತ್ರ. ತೋಡಿಗೆ ಹಚ್ಚಿದರೆ ಧೂಳು ಅಂಟಿ ಹಗ್ಗವನ್ನೇ ತಿನ್ನುತ್ತದೆ.

ಕೊಡದ ಭಾರ ಮಾತ್ರ ಹಾಗೇ ಇದೆ. ಒಂಟಿ ಗಾಲಿ ಎಳೆಯುವ ದಿಕ್ಕು ಬದಲಿಸುತ್ತದೆ ಅಷ್ಟೇ.