ಮೊದಲು ಡೊಮೇನ್, ಆಮೇಲೆ ಬದಲಾವಣೆ ದರ

ಸರಾಸರಿ ಬದಲಾವಣೆ ದರದ ಸೂತ್ರ ಚಿಕ್ಕದು, ಸುಲಭದ್ದು: ಫಂಕ್ಷನ್ ಬೆಲೆಯಲ್ಲಾದ ಬದಲಾವಣೆಯನ್ನು ಎಕ್ಸ್‌ನಲ್ಲಾದ ಬದಲಾವಣೆಯಿಂದ ಭಾಗಿಸುವುದು. ಆದರೆ ಬಳಸಬಾರದ ಕಡೆ ಬಳಸಿದರೂ ಅದು ಒಂದು ಸಂಖ್ಯೆ ಕೊಟ್ಟುಬಿಡುತ್ತದೆ.

ಎಫ್(ಎಕ್ಸ್) = 1 ÷ ಎಕ್ಸ್ ಎಂಬ ಫಂಕ್ಷನ್ ತೆಗೆದುಕೊಳ್ಳಿ. −1ರಿಂದ 1ರವರೆಗೆ ಲೆಕ್ಕ ಹಾಕಿದರೆ (1 − (−1)) ÷ (1 − (−1)) = 1. ಉತ್ತರ ಧನ ಸಂಖ್ಯೆ, ಹಾಗಾಗಿ ಫಂಕ್ಷನ್ ಒಟ್ಟಾರೆ ಏರಿದೆ ಅನ್ನಿಸುತ್ತದೆ. ನಕ್ಷೆ ಬರೆದು ನೋಡಿ: ಸೊನ್ನೆಯ ಎಡಕ್ಕೂ ಇಳಿಕೆ, ಬಲಕ್ಕೂ ಇಳಿಕೆ. ನಡುವೆ ಸೊನ್ನೆಯಲ್ಲಿ ಫಂಕ್ಷನ್ನೇ ಇಲ್ಲ. ಸೂತ್ರ ಆ ಕಂದಕವನ್ನು ಹಾರಿಕೊಂಡು ಹೋಗಿದೆ. ಆದ್ದರಿಂದ ಮೊದಲ ಕೆಲಸ ಡೊಮೇನ್ ಗುರುತಿಸುವುದು. ಎಕ್ಸ್‌ಗೆ ಯಾವ ಯಾವ ಬೆಲೆ ಕೊಡಬಹುದೋ ಅವೆಲ್ಲ ಸೇರಿದ ಗಣವೇ ಡೊಮೇನ್.

ಹಂತ 1: ಅಡ್ಡಿ ಎಲ್ಲಿದೆ?

ವಾಸ್ತವ ಸಂಖ್ಯೆಗಳ ಮಟ್ಟಿಗೆ ಸಾಮಾನ್ಯವಾಗಿ ಮೂರು ಕಡೆ ನೋಡಿದರೆ ಸಾಕು. ಛೇದ ಸೊನ್ನೆಯಾಗಬಾರದು. ವರ್ಗಮೂಲದ ಒಳಗಿರುವುದು ಋಣವಾಗಬಾರದು (ಘನಮೂಲಕ್ಕೆ ಈ ನಿರ್ಬಂಧವಿಲ್ಲ). ಲಾಗರಿದಮ್ ಒಳಗಿರುವುದು ಸೊನ್ನೆಗಿಂತ ಹೆಚ್ಚೇ ಇರಬೇಕು. ಬಹುಪದೋಕ್ತಿಯಾದರೆ ಯಾವ ಅಡ್ಡಿಯೂ ಇಲ್ಲ, ಮುಂದಕ್ಕೆ ಹೋಗಿ.

√(ಎಕ್ಸ್ − 2) ÷ (ಎಕ್ಸ್ − 5) ಎಂದಿದ್ದರೆ ಎರಡು ಷರತ್ತುಗಳು ಒಟ್ಟಿಗೆ ಬರುತ್ತವೆ: ಎಕ್ಸ್ ≥ 2, ಜೊತೆಗೆ ಎಕ್ಸ್ ≠ 5. ಡೊಮೇನ್ [2, 5) ∪ (5, ∞). 2ರ ಪಕ್ಕ ಚೌಕ ಆವರಣ, ಏಕೆಂದರೆ 2 ಸೇರುತ್ತದೆ. 5 ಸೇರುವುದಿಲ್ಲ, ಅನಂತ ಎಂದೂ ಸೇರುವುದಿಲ್ಲ. ವರ್ಗಮೂಲವೇ ಛೇದದಲ್ಲಿದ್ದರೆ ≥ ಹೋಗಿ ಬರೀ > ಉಳಿಯುತ್ತದೆ.

ಹೆಚ್ಚು ಅಂಕ ಕಳೆಯುವ ತಪ್ಪುಗಳು ಎರಡು. √(6 − 2ಎಕ್ಸ್)ನಲ್ಲಿ −2ರಿಂದ ಭಾಗಿಸುವಾಗ ಅಸಮತೆಯ ಚಿಹ್ನೆ ತಿರುಗಿಸಲು ಮರೆಯುವುದು ಒಂದು; ಸರಿಯುತ್ತರ ಎಕ್ಸ್ ≤ 3. ಸಂಕ್ಷೇಪಿಸಿದ ಮೇಲೆ ಡೊಮೇನ್ ಹುಡುಕುವುದು ಇನ್ನೊಂದು. (ಎಕ್ಸ್² − 9) ÷ (ಎಕ್ಸ್ − 3) ಎಂಬುದು ಎಕ್ಸ್ + 3 ಆಗುತ್ತದೆ ನಿಜ. ಆದರೂ 3 ಡೊಮೇನ್‌ನಿಂದ ಹೊರಗೇ. ಮೂಲ ರೂಪದಲ್ಲಿ ಅದು 0 ÷ 0.

ಹಂತ 2: ದರ ಲೆಕ್ಕ ಹಾಕಿ

ಎ ಮತ್ತು ಬಿ ಎರಡು ಬೇರೆ ಬೇರೆ ಬಿಂದುಗಳಾಗಿದ್ದು, ಎರಡರ ನಡುವಿನ ಎಲ್ಲ ಬೆಲೆಗಳೂ ಡೊಮೇನ್‌ನಲ್ಲಿವೆ ಎಂದು ಖಚಿತವಾದ ಮೇಲೆ:

ದರ = (ಎಫ್(ಬಿ) − ಎಫ್(ಎ)) ÷ (ಬಿ − ಎ)

ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಇರಲಿ, −2ರಿಂದ 4ರವರೆಗೆ. ಎಫ್(4) = 16 − 12 = 4. ಎಫ್(−2) = (−2)² − 3(−2) = 4 + 6 = 10. ದರ (4 − 10) ÷ (4 − (−2)) = −6 ÷ 6 = −1. ಋಣ ಸಂಖ್ಯೆಗೆ ಆವರಣ ಹಾಕದೆ −2² ಎಂದು ಬರೆದರೆ ಅದು −4 ಆಗಿ ಇಡೀ ಲೆಕ್ಕ ಕೆಡುತ್ತದೆ. ಮೇಲೆ ಬಿ ಮೊದಲು ಬಂದರೆ ಕೆಳಗೂ ಬಿಯೇ ಮೊದಲು ಬರಬೇಕು. ಎರಡು ಬೆಲೆಗಳನ್ನು ಕೂಡಿ 2ರಿಂದ ಭಾಗಿಸುವುದು ಬೇರೆಯೇ ಲೆಕ್ಕ; ‘ಸರಾಸರಿ’ ಎಂದು ಕಂಡ ಕೂಡಲೇ ಆ ಕಡೆ ಕೈ ಹೋಗದಿರಲಿ.

ನಕ್ಷೆಯಲ್ಲಿ ಈ −1 ಎಂದರೆ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯ ಇಳಿಜಾರು, ಅಷ್ಟೇ. ನಡುವೆ ಏನಾಯಿತೆಂದು ಅದು ಹೇಳುವುದಿಲ್ಲ. ಇದೇ ಫಂಕ್ಷನ್ 1.5ರವರೆಗೆ ಇಳಿದು, ಅಲ್ಲಿಂದ ಏರುತ್ತದೆ.

ಹಂತ 3: ಸಂದರ್ಭ ನೋಡಿ

80 ಮೀಟರ್ ಎತ್ತರದಿಂದ ಕೈಬಿಟ್ಟ ಕಲ್ಲಿನ ಎತ್ತರ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, ಎಚ್(ಟಿ) = 80 − 5ಟಿ². ಬೀಜಗಣಿತದ ಪ್ರಕಾರ ಇದಕ್ಕೆ ಅಡ್ಡಿಯಿಲ್ಲ. ಆದರೆ ಕಲ್ಲು 4ನೇ ಸೆಕೆಂಡಿಗೆ ನೆಲ ಮುಟ್ಟುತ್ತದೆ, ಹಾಗಾಗಿ ಡೊಮೇನ್ 0 ≤ ಟಿ ≤ 4. 3ರಿಂದ 5ರವರೆಗಿನ ದರ ಕೇಳಿದರೆ ಸೂತ್ರ (−45 − 35) ÷ 2 = −40 ಎನ್ನುತ್ತದೆ, ಅಂದರೆ ಕಲ್ಲು ನೆಲದಡಿ 45 ಮೀಟರ್ ಹೋಗಿದೆ! ಬೀಳುವಿಕೆಯ ದರ ಬೇಕಾದರೆ 4ಕ್ಕೇ ನಿಲ್ಲಿಸಿ: (0 − 35) ÷ (4 − 3) = −35, ಮಾನ ಸೆಕೆಂಡಿಗೆ ಮೀಟರ್.