ಹೊಸ ವಿದ್ಯುತ್ ಲೈನಿಗೆ ದಾರಿ ಹುಡುಕುವಾಗ: ಪರಿಸರ ಪರಿಣಾಮ ಅಳೆಯುವ ನನ್ನ ಕ್ರಮ

ಹೈ ಟೆನ್ಷನ್ ಲೈನ್ ಎಂದರೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಟವರ್. ಪರಿಸರ ವರದಿಗಳ ಕಣ್ಣೂ ಅಲ್ಲೇ ನೆಟ್ಟಿರುತ್ತದೆ. ಒಂದು ಸಾದಾ ಲೆಕ್ಕ ಹಾಕಿ ನೋಡಿ. 40 ಕಿ.ಮೀ. ಉದ್ದದ 400 ಕೆವಿ (ಕಿಲೋವೋಲ್ಟ್) ಲೈನ್, ಟವರಿನಿಂದ ಟವರಿಗೆ ಸರಾಸರಿ 400 ಮೀಟರ್, ಅಂದರೆ ಸುಮಾರು 100 ಟವರ್. ಒಂದೊಂದರ ಬುಡ 15 ಮೀಟರ್ ಚೌಕ ಎಂದುಕೊಂಡರೆ ಒಟ್ಟು 2.25 ಹೆಕ್ಟೇರ್. ಅದೇ ಟವರಿನ ತನಕ ಕ್ರೇನು, ಕಾಂಕ್ರೀಟ್ ಲಾರಿ ಹೋಗಲು 4 ಮೀಟರ್ ಅಗಲದ ಕಚ್ಚಾ ರಸ್ತೆ, ತಲಾ 600 ಮೀಟರ್ ಬೇಕಾದರೆ 24 ಹೆಕ್ಟೇರ್. ತಂತಿಯ ಕೆಳಗಿನ ಪಟ್ಟಿ 50 ಮೀಟರ್ ಅಗಲವಾದರೆ 200 ಹೆಕ್ಟೇರ್. ಹೀಗಿದ್ದೂ ಎಷ್ಟೋ ವರದಿಗಳು ಆ 2.25 ಹೆಕ್ಟೇರಿನ ಬಗ್ಗೆ ಹತ್ತು ಪುಟ ಬರೆದು, ರಸ್ತೆಯನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನಾನು ಈ ಮೂರು ಅಂಕಿಗಳನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನ ಕೆಲಸ ಶುರು ಮಾಡುತ್ತೇನೆ. ಎಲ್ಲಿ ಎಷ್ಟು ಹೊತ್ತು ಕಳೆಯಬೇಕು ಎಂಬುದನ್ನು ಅವೇ ಹೇಳುತ್ತವೆ.

ನಕ್ಷೆಯ ಮೇಲೆ

ಎರಡೂ ತುದಿಯ ಸಬ್‌ಸ್ಟೇಷನ್‌ಗಳ ನಡುವೆ ನೇರ ಗೆರೆ ಎಳೆದು, ಅದರ ಉದ್ದದ ಕಾಲು ಭಾಗದಷ್ಟನ್ನು ಎರಡೂ ಪಕ್ಕಕ್ಕೆ ಅಧ್ಯಯನದ ವಲಯವೆಂದು ತೆಗೆದುಕೊಳ್ಳುತ್ತೇನೆ. ವಲಯ ಕಿರಿದಾದರೆ ಒಳ್ಳೆಯ ದಾರಿ ಅದರ ಆಚೆಗೇ ಉಳಿದುಬಿಡುತ್ತದೆ. ಆಮೇಲೆ ಸಿಗುವ 'ಪರ್ಯಾಯ'ಗಳು ಒಂದೇ ದಾರಿಯ ಮೂರು ನೆರಳು. ಹೊಸ ಲೈನೇ ಬೇಕೇ ಎಂಬ ಪ್ರಶ್ನೆಯೂ ಪರ್ಯಾಯಗಳ ಪಟ್ಟಿಯಲ್ಲಿ ಇರಬೇಕು. ಹಳೆಯ ಲೈನಿನ ತಂತಿ ತೆಗೆದು, ಬಿಸಿಯಾದರೂ ಹೆಚ್ಚು ಜೋತುಬೀಳದ ಕಂಡಕ್ಟರ್ ಹಾಕಿದರೆ ಅದೇ ಟವರ್‌ಗಳ ಮೇಲೆ ಒಂದೂವರೆಯಿಂದ ಎರಡು ಪಟ್ಟು ಕರೆಂಟ್ ಸಾಗಿಸಬಹುದು.

ದಾರಿ ಹುಡುಕುವುದು ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಯ ಸಾಫ್ಟ್‌ವೇರ್: ಒಂದೊಂದು ಬಗೆಯ ನೆಲಕ್ಕೆ ನಾವು ಅಂಕ ಕೊಡುತ್ತೇವೆ, ಒಟ್ಟು ಅಂಕ ಕಡಿಮೆಯಾಗುವ ದಾರಿಯನ್ನು ಅದು ಆರಿಸುತ್ತದೆ. ಕಾಲಿಡಬಾರದ ಜಾಗಗಳನ್ನು ಮೊದಲು ನಕ್ಷೆಯಿಂದಲೇ ಕತ್ತರಿಸಿ ತೆಗೆಯಬೇಕು: ಸಂರಕ್ಷಿತ ಕಾಡಿನ ಒಳಭಾಗ, ಹಕ್ಕಿಗಳು ರಾತ್ರಿ ತಂಗುವ ಕೆರೆ, ಶಾಲೆ, ಆಸ್ಪತ್ರೆ, ವಿಮಾನ ನಿಲ್ದಾಣದ ಹಾದಿ. ಇಲ್ಲಿ ಪದೇ ಪದೇ ಆಗುವ ತಪ್ಪು ಎಂದರೆ ಅವಕ್ಕೂ ಬರೀ ದೊಡ್ಡ ಅಂಕ ಕೊಟ್ಟು ಸುಮ್ಮನಾಗುವುದು. ಜಿಐಎಸ್ ಸಾಫ್ಟ್‌ವೇರಿಗೆ ಅಂಕವೆಂದರೆ ದೂರ, ಅಷ್ಟೇ. ಹೊಲಕ್ಕೆ 1, ಜೌಗಿಗೆ 10 ಅಂಕ ಕೊಟ್ಟಿರಿ ಎನ್ನಿ. 300 ಮೀಟರ್ ಜೌಗು ದಾಟುವುದೂ 3 ಕಿ.ಮೀ. ಹೊಲದ ಮೇಲೆ ಸಾಗುವುದೂ ಅದರ ಪಾಲಿಗೆ ಸಮ. ಬಳಸು ದಾರಿ 3 ಕಿ.ಮೀ. ಮೀರಿತೋ, ಜೌಗನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೇ ತಂಡದವರನ್ನು 'ಜೌಗಿಗೆ ಎಷ್ಟು ಅಂಕ?' ಎಂದು ನಾನು ಕೇಳುವುದಿಲ್ಲ. 'ಈ 300 ಮೀಟರ್ ತಪ್ಪಿಸಲು ಎಷ್ಟು ಕಿ.ಮೀ. ಸುತ್ತಲು ಒಪ್ಪುತ್ತೀರಿ?' ಎಂದು ಕೇಳಿ, ಆ ಉತ್ತರದಿಂದ ಅಂಕ ತೆಗೆಯುತ್ತೇನೆ. ಎಂಜಿನಿಯರ್ 2 ಎನ್ನುತ್ತಾರೆ, ಪಕ್ಷಿತಜ್ಞರು 20 ಎನ್ನುತ್ತಾರೆ. ಜಗಳ ಆಗಬೇಕಾದ್ದು ಆಗಲೇ, ಲೈನ್ ಎಳೆದ ಮೇಲಲ್ಲ.

ಅಂಕಗಳನ್ನು ಒಂದೊಂದಾಗಿ 25% ಹೆಚ್ಚಿಸಿ, 25% ಇಳಿಸಿ ಮತ್ತೆ ಮತ್ತೆ ಓಡಿಸಬೇಕು. ಕದಲದೆ ಉಳಿದ ಭಾಗದ ಬಗ್ಗೆ ಚಿಂತೆಯಿಲ್ಲ. ದಾರಿ ಆ ಕಡೆ ಈ ಕಡೆ ನೆಗೆಯುವ ಜಾಗಗಳೇ ಸ್ಥಳ ಪರಿಶೀಲನೆಗೆ ಮೊದಲು ಹೋಗಬೇಕಾದವು.

ಮೂಲ ಮಾಹಿತಿಯಲ್ಲೂ ಗುಂಡಿಗಳಿವೆ. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ನಕ್ಷೆ 2000ದ ಫೆಬ್ರುವರಿಯಲ್ಲಿ ರೇಡಾರ್‌ನಿಂದ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟದೆ ಮರದ ತಲೆಯ ಹತ್ತಿರವೇ ಹಿಂದಿರುಗಿರುತ್ತದೆ. ಎತ್ತರದ ಮರಗಳಿರುವ ಜಾಗ ದಿಬ್ಬದ ಹಾಗೆ ಕಾಣುವುದು ಇದರಿಂದ. ಸೆಂಟಿನೆಲ್-2 ಉಪಗ್ರಹದ ಚಿತ್ರ 10 ಮೀಟರ್ ವಿವರ ಕೊಡುತ್ತದೆ, ಆದರೆ ಒಂದೇ ದಿನಾಂಕದ ಚಿತ್ರ ನಂಬಬಾರದು. ಬೇಸಿಗೆಯಲ್ಲಿ ಬರಡು ಎಂದು ಕಂಡದ್ದು ಮಳೆಗಾಲದಲ್ಲಿ ಸಾವಿರಾರು ಬಾತುಗಳ ನೀರಾಗಿರಬಹುದು. ಮಳೆ ಮುಗಿದ ಕೂಡಲೇ ಒಂದು, ಕಡು ಬೇಸಿಗೆಯಲ್ಲಿ ಒಂದು, ಹೀಗೆ ಕನಿಷ್ಠ ಎರಡು ಚಿತ್ರ ಇಟ್ಟುಕೊಂಡು ಹೋಲಿಸುತ್ತೇನೆ.

ನೋಟದ ವಿಷಯಕ್ಕೆ ಬ್ರಿಟನ್ನಿನಲ್ಲಿ 1959ರಲ್ಲಿ ವಿಲಿಯಂ ಹೊಲ್ಫರ್ಡ್ ಹಾಕಿಕೊಟ್ಟ ನಿಯಮಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಆಕಾಶದ ಹಿನ್ನೆಲೆಗಿಂತ ಗುಡ್ಡ, ಮರಗಳ ಹಿನ್ನೆಲೆ ಮೇಲು; ತಿರುವು ಕಡಿಮೆಯಾದಷ್ಟೂ ತಿರುವಿನಲ್ಲಿ ನಿಲ್ಲಿಸುವ ದಪ್ಪ ಆಂಗಲ್ ಟವರ್ ಕಡಿಮೆ. 50 ಮೀಟರ್ ಟವರ್ 1 ಕಿ.ಮೀ. ದೂರದಿಂದ ಸುಮಾರು 2.9 ಡಿಗ್ರಿ ಎತ್ತರಕ್ಕೆ ಕಾಣುತ್ತದೆ, 5 ಕಿ.ಮೀ.ನಿಂದ 0.6 ಡಿಗ್ರಿಗಿಂತ ಕಡಿಮೆ. ಆದ್ದರಿಂದ ಮೊದಲ 2 ಕಿ.ಮೀ. ಒಳಗಿನ ಮನೆ, ದಾರಿಗಳ ಮೇಲೇ ಗಮನವಿಟ್ಟರೆ ಹೆಚ್ಚು ಕಡಿಮೆ ಸಾಕು.

ಹಕ್ಕಿಗಳು

ವಿದ್ಯುತ್ ಲೈನಿನಿಂದ ಹಕ್ಕಿ ಸಾಯುವುದು ಎರಡು ಬಗೆ, ಎರಡನ್ನೂ ಬೆರೆಸಬಾರದು. ಶಾಕ್ ಹೊಡೆದು ಸಾಯುವುದು ಬಹುಮಟ್ಟಿಗೆ ಚಿಕ್ಕ ವಿತರಣಾ ಕಂಬಗಳಲ್ಲಿ, ಏಕೆಂದರೆ ಅಲ್ಲಿ ಎರಡು ತಂತಿಗಳ ಅಂತರ ಹದ್ದಿನ ರೆಕ್ಕೆಗಿಂತ ಕಡಿಮೆ. 400 ಕೆವಿಯಲ್ಲಿ ಆ ಅಂತರ ಹಲವು ಮೀಟರ್, ಅಲ್ಲಿಯ ಕಂಟಕ ಡಿಕ್ಕಿ. ಅದೂ ಕರೆಂಟ್ ಇರುವ ದಪ್ಪ ತಂತಿಗಲ್ಲ, ಎಲ್ಲಕ್ಕಿಂತ ಮೇಲೆ ಸಿಡಿಲಿಗೆಂದು ಕಟ್ಟಿರುವ ತೆಳು ಅರ್ಥ್ ವೈರಿಗೆ. ಹಕ್ಕಿ ದಪ್ಪ ತಂತಿಗಳನ್ನು ಕಂಡು ಕೊನೆ ಗಳಿಗೆಯಲ್ಲಿ ಮೇಲಕ್ಕೇರುತ್ತದೆ, ಅಲ್ಲಿ ಕಾಣದ ತಂತಿ ಕಾದಿರುತ್ತದೆ. ಎರ್ಲಡ್ಡಿನಂಥ ಬಸ್ಟರ್ಡ್ ಹಕ್ಕಿಗಳು, ಕ್ರೌಂಚ, ಕೊಕ್ಕರೆ, ಹಂಸಗಳಿಗೆ ಅಪಾಯ ಜಾಸ್ತಿ: ಮೈ ಭಾರ, ಗಕ್ಕನೆ ತಿರುಗಲಾರವು. ಬಸ್ಟರ್ಡ್ ಮತ್ತು ಕ್ರೌಂಚಗಳಿಗೆ ಇನ್ನೊಂದು ತೊಡಕು, ಹಾರುತ್ತಾ ನೆಲ ನೋಡಲು ತಲೆ ಬಗ್ಗಿಸಿದರೆ ಎದುರಿನದು ಕಾಣುವುದೇ ಇಲ್ಲ.

ಹೀಗಾಗಿ ನಾನು ಅಳೆಯುವುದು ಹಕ್ಕಿಗಳ ಒಟ್ಟು ಸಂಖ್ಯೆಗಿಂತ ಹಾರುವ ಎತ್ತರವನ್ನು. ದಾರಿಯ ಉದ್ದಕ್ಕೂ ದಿಬ್ಬಗಳ ಮೇಲೆ ನೋಟದ ತಾಣಗಳನ್ನು ಆರಿಸಿ, ಒಂದೊಂದರಿಂದ 2 ಕಿ.ಮೀ. ದೂರದವರೆಗೆ ಮಾತ್ರ ನೋಡುತ್ತೇವೆ. ಒಬ್ಬರು ಒಂದು ಸಲಕ್ಕೆ 3 ಗಂಟೆಗಿಂತ ಹೆಚ್ಚು ಕೂರುವಂತಿಲ್ಲ, ಕಣ್ಣು ಸೋಲುತ್ತದೆ. ಪ್ರತಿ ಹಾರಾಟವನ್ನೂ ಮೂರು ಪಟ್ಟಿಗಳಲ್ಲಿ ಒಂದಕ್ಕೆ ಹಾಕಬೇಕು: ಕೆಳಗಿನ ತಂತಿಗಿಂತ ಕೆಳಗೆ, ಕೆಳಗಿನ ತಂತಿಯಿಂದ ಅರ್ಥ್ ವೈರಿನವರೆಗೆ, ಅದಕ್ಕೂ ಮೇಲೆ. ಟವರ್ ಇನ್ನೂ ಇಲ್ಲವಲ್ಲ, ಎತ್ತರ ಅಂದಾಜಿಸುವುದು ಹೇಗೆ? ಎತ್ತರ ಗೊತ್ತಿರುವ ಮರವನ್ನೋ ಮೊಬೈಲ್ ಟವರನ್ನೋ ಗುರುತಿಟ್ಟುಕೊಂಡು, ಲೇಸರ್ ದೂರಮಾಪಕದಿಂದ ದಿನಕ್ಕೆರಡು ಬಾರಿ ಕಣ್ಣಂದಾಜನ್ನು ಸರಿಪಡಿಸಿಕೊಳ್ಳುತ್ತೇವೆ. ಮುಂಜಾವು ಮತ್ತು ಮುಸ್ಸಂಜೆಯ ಪಾಳಿ ತಪ್ಪಿಸುವಂತಿಲ್ಲ. ಹಕ್ಕಿಗಳು ತಂಗುವ ಜಾಗಕ್ಕೂ ಮೇಯುವ ಜಾಗಕ್ಕೂ ನಡುವೆ ತಗ್ಗಿನಲ್ಲಿ, ಅರೆಬೆಳಕಿನಲ್ಲಿ ಓಡಾಡುವ ಹೊತ್ತು ಅದು. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನಡುಮಧ್ಯಾಹ್ನ ಹಿಂದಿರುಗುವ ಸಮೀಕ್ಷೆಗೆ ಗಿಡುಗ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ನಾಲ್ಕೂ ಋತು ನೋಡಬೇಕು. ಒಂದೇ ಋತುವಿನ ಲೆಕ್ಕದಲ್ಲಿ ವಲಸೆ ಹಕ್ಕಿ ಶೂನ್ಯವೆಂದೇ ಬರಬಹುದು.

ಹಕ್ಕಿಗಳ ಕಣ್ಣಿಗೆ ಬೀಳಲೆಂದು ತಂತಿಗೆ ಸೂಚಕ ಹಾಕಿದರೆ ಡಿಕ್ಕಿ ಸರಾಸರಿ ಅರ್ಧದಷ್ಟು ಇಳಿಯುತ್ತದೆಂದು ಇಟ್ಟುಕೊಳ್ಳಬಹುದು, ಪೂರ್ತಿ ನಿಲ್ಲುವುದಿಲ್ಲ. ಬಸ್ಟರ್ಡ್‌ಗಳ ಮಟ್ಟಿಗೆ ಅಷ್ಟನ್ನೂ ನಂಬಿ ಕೂರಬಾರದು. ಹಾಗಾಗಿ ಸೂಚಕ ತೋರಿಸಿ ಕೆಟ್ಟ ದಾರಿಯನ್ನು ಒಪ್ಪಿಸುವುದು ಸರಿಯಲ್ಲ. ಈಗಾಗಲೇ ಇರುವ ಲೈನಿನ ಪಕ್ಕದಲ್ಲೇ ಹೊಸದನ್ನು ಎಳೆಯುವುದು ಹಲವು ಕಡೆ ಒಳ್ಳೆಯದು, ಆದರೆ ಟವರ್‌ಗೆ ಟವರ್ ಎತ್ತರದಲ್ಲಿ ಸಮವಾಗಿ, ತಂತಿಗಳು ಒಂದೇ ಎತ್ತರದಲ್ಲಿ ಇದ್ದರೆ ಮಾತ್ರ. ಒಂದು ಲೈನ್ 35 ಮೀಟರ್, ಪಕ್ಕದ್ದು 50 ಮೀಟರ್ ಆದರೆ ಹಕ್ಕಿಗೆ ಒಂದರ ಹಿಂದೆ ಇನ್ನೊಂದು ಬಲೆ ಹಾಸಿದಂತೆ.

ಮರ ಕಡಿಯುವ ಲೆಕ್ಕ

ತಂತಿಯ ಕೆಳಗಿನ ಪಟ್ಟಿಯಲ್ಲಿರುವ ಮರಗಳನ್ನೆಲ್ಲ ಎಣಿಸಿ 'ಕಡಿಯಬೇಕಾದವು' ಎಂದು ಬರೆಯುವುದು ಸೋಮಾರಿ ಲೆಕ್ಕ. ತಂತಿ ನೆಲಕ್ಕೆ ಸಮಾನಾಂತರವಾಗಿ ಹೋಗುವುದಿಲ್ಲ, ಜೋತುಬೀಳುತ್ತದೆ. ಜೋಲು ಎಷ್ಟು ಎಂಬುದಕ್ಕೆ ಸೂತ್ರ ಸರಳ: ಮೀಟರಿಗೆ ತಂತಿಯ ಭಾರವನ್ನು ಸ್ಪ್ಯಾನಿನ (ಎರಡು ಟವರುಗಳ ನಡುವಿನ ಅಂತರ) ವರ್ಗದಿಂದ ಗುಣಿಸಿ, ಎಳೆತದ ಎಂಟು ಪಟ್ಟಿನಿಂದ ಭಾಗಿಸಿ. ಮೀಟರಿಗೆ 2 ಕೆ.ಜಿ., ಅಂದರೆ 19.6 ನ್ಯೂಟನ್ ತೂಗುವ ತಂತಿ, 35 ಕಿಲೋನ್ಯೂಟನ್ ಎಳೆತ, 400 ಮೀಟರ್ ಸ್ಪ್ಯಾನ್: 11.2 ಮೀಟರ್ ಜೋಲು. ಸ್ಪ್ಯಾನ್ 500 ಮೀಟರ್ ಆದರೆ 17.5 ಮೀಟರ್. ಬಿಸಿಲಿಗೂ ಹೊರೆಗೂ ತಂತಿ ಕಾದರೆ ಎಳೆತ ಸಡಿಲವಾಗಿ ಇನ್ನೂ ಇಳಿಯುತ್ತದೆ, ಲೆಕ್ಕ ಹಿಡಿಯಬೇಕಾದ್ದು ಆ ಸ್ಥಿತಿಯದು.

ಈಗ ಎರಡು ದಿಬ್ಬಗಳ ಮೇಲೆ ಒಂದೊಂದು ಟವರ್, ನಡುವೆ 30 ಮೀಟರ್ ಆಳದ ಕಣಿವೆ ಎನ್ನಿ. ಕೆಳಗಿನ ತಂತಿ ಕಟ್ಟಿರುವುದು ಟವರಿನ ಬುಡದಿಂದ 25 ಮೀಟರ್ ಮೇಲೆ, ಕಾದಾಗ ಜೋಲು 14 ಮೀಟರ್. ಕಣಿವೆಯ ತಳದಿಂದ ತಂತಿ 41 ಮೀಟರ್ ಮೇಲಿರುತ್ತದೆ. ಸುರಕ್ಷತೆಗೆ 6 ಮೀಟರ್ ಬಿಟ್ಟರೂ 35 ಮೀಟರ್ ಎತ್ತರದ ಮರ ಅಲ್ಲಿ ಆರಾಮವಾಗಿ ನಿಲ್ಲಬಹುದು. ಹಳ್ಳದ ಅಂಚಿನ ಮರಗಳು ಉಳಿಯುವುದು ಈ ಒಂದು ಲೆಕ್ಕದಿಂದ. ಲೈಡಾರ್ (ಲೇಸರಿನಿಂದ ನೆಲ, ಮರಗಳ ಎತ್ತರ ಅಳೆಯುವ) ಸಮೀಕ್ಷೆ ಇದ್ದರೆ ಪ್ರತಿ ಮರಕ್ಕೂ ಇದನ್ನು ಮಾಡಬಹುದು. ಗಾಳಿಗೆ ತಂತಿ ಪಕ್ಕಕ್ಕೆ ತೂಗುವ ಅಂತರ, ಮರ ಮುಂದೆ ಬೆಳೆಯುವ ಎತ್ತರ ಎರಡನ್ನೂ ಸೇರಿಸಿಕೊಳ್ಳಬೇಕು. ತಂತಿಯ ನೇರ ಕೆಳಗೆ ಹುಲ್ಲು, ಗಿಡ್ಡ ಸಸ್ಯ. ಅಂಚಿನಲ್ಲಿ ಪೊದೆ ಮತ್ತು ಕುಳ್ಳ ಮರ, ಹೀಗೆ ಎರಡು ವಲಯ ಮಾಡಿದರೆ ಕಾಡಿನ ಅಂಚು ಗೋಡೆಯ ಹಾಗೆ ಕಡಿದು ನಿಲ್ಲುವುದಿಲ್ಲ. ತಂತಿ ಎಳೆಯುವಾಗ ಮೊದಲ ಹಗ್ಗವನ್ನು ಡ್ರೋನ್ ಒಯ್ದರೆ ಅದಕ್ಕೆಂದೇ ಕಾಡಿನಲ್ಲಿ ಸಾಲು ತೆರೆಯುವುದೂ ತಪ್ಪುತ್ತದೆ.

ಮೊದಲ ಹಾಳೆಯ ಆ 24 ಹೆಕ್ಟೇರ್ ರಸ್ತೆಗೆ ಬೇರೆಯೇ ನಕ್ಷೆ ಬೇಕು. ಇಳಿಜಾರಿನಲ್ಲಿ ನೇರ ಏರುವ ರಸ್ತೆ ಮೊದಲ ಮಳೆಗೇ ಕಾಲುವೆಯಾಗುತ್ತದೆ, ಮಣ್ಣೆಲ್ಲ ಹಳ್ಳಕ್ಕೆ. ಕೆಲಸ ಮುಗಿದ ಮೇಲೆ ಯಾವ ರಸ್ತೆ ಮುಚ್ಚಬೇಕು, ಯಾವುದು ದುರಸ್ತಿಗೆ ಉಳಿಯಬೇಕು ಎಂದು ಮೊದಲೇ ಗುರುತಿಸದಿದ್ದರೆ ಎಲ್ಲವೂ ಉಳಿಯುತ್ತವೆ, ಮರಗಳ್ಳರಿಗೂ ಬೇಟೆಗಾರರಿಗೂ ದಾರಿಯಾಗುತ್ತವೆ. ಪಾಯದ ಗುಂಡಿಗಳದ್ದು ಸಣ್ಣ ವಿಷಯ, ಆದರೂ: ಮೇಲಿನ 20-30 ಸೆಂ.ಮೀ. ಮಣ್ಣು ಬೇರೆ ರಾಶಿ, ಕಾಂಕ್ರೀಟ್ ತೊಳೆದ ಕ್ಷಾರದ ನೀರು ತೊರೆಗೆ ಬಿಡಬಾರದು, ತೆರೆದ ಗುಂಡಿಗೆ ರಾತ್ರಿ ಮುಚ್ಚಳ ಹಾಕಬೇಕು ಇಲ್ಲವೇ ಒಂದು ಹಲಗೆ ಓರೆಯಾಗಿ ಇಳಿಬಿಡಬೇಕು. ಆಮೆ, ಹಾವು, ಮುಂಗುಸಿ ಬಿದ್ದರೆ ಹತ್ತಿಬರಲಿ.

ಕಾಂತಕ್ಷೇತ್ರ ಮತ್ತು ಸದ್ದು

ಜನ ಮೊದಲು ಕೇಳುವುದು ಇದನ್ನೇ. ವಿದ್ಯುತ್ ಕ್ಷೇತ್ರ ವೋಲ್ಟೇಜನ್ನು, ಕಾಂತಕ್ಷೇತ್ರ ಕರೆಂಟನ್ನು ಅವಲಂಬಿಸುತ್ತದೆ. ಸಾರ್ವಜನಿಕರಿಗೆ ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗವಾದ ಐಸಿಎನ್‌ಐಆರ್‌ಪಿ 2010ರಲ್ಲಿ ಸೂಚಿಸಿದ ಮಿತಿ, 50 ಹರ್ಟ್ಸ್‌ಗೆ, ಮೀಟರಿಗೆ 5 ಕಿಲೋವೋಲ್ಟ್ ಮತ್ತು 200 ಮೈಕ್ರೋಟೆಸ್ಲಾ. ಕೆಲವು ದೇಶಗಳ ಮಿತಿ ಇನ್ನೂ ಬಿಗಿ. ಅಳೆಯುವುದು ನೆಲದಿಂದ 1 ಮೀಟರ್ ಎತ್ತರದಲ್ಲಿ, ತಂತಿ ಅತಿ ಕೆಳಗಿರುವ ಸ್ಪ್ಯಾನಿನ ನಡುವೆ. ಟವರಿನ ಬುಡದಲ್ಲಿ ಅಳೆದರೆ ಅಂಕಿ ಚಂದ ಬರುತ್ತದೆ, ಏಕೆಂದರೆ ಅಲ್ಲಿ ತಂತಿ ಅತಿ ಮೇಲಿರುತ್ತದೆ. ಲೆಕ್ಕ ಹಾಕುವಾಗ ಸರಾಸರಿ ಕರೆಂಟ್ ಬೇಡ, ಲೈನ್ ಸತತ ಹೊರಬಲ್ಲ ಗರಿಷ್ಠ ಕರೆಂಟ್ ಹಿಡಿಯಬೇಕು. ಮೂರು ಫೇಸಿನ ಲೈನಿನ ಕಾಂತಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಒಂದೇ ಟವರಿನ ಮೇಲೆ ಎರಡು ಸರ್ಕ್ಯೂಟ್ (ಮೂರು ಫೇಸಿನ ಎರಡು ಗುಂಪು) ಇದ್ದು ಒಂದರ ಫೇಸ್ ಕ್ರಮವನ್ನು ತಲೆಕೆಳಗು ಮಾಡಿದರೆ ಘನಕ್ಕೆ ತಕ್ಕಂತೆ, ಅಂದರೆ ಇನ್ನೂ ಬೇಗ. ವಿನ್ಯಾಸದ ಹಂತದಲ್ಲಿ ಹೇಳಿದರೆ ಈ ಬದಲಾವಣೆಗೆ ಖರ್ಚೇ ಇಲ್ಲದಂತೆ.

ಹೈ ಟೆನ್ಷನ್ ತಂತಿಯ ಸುತ್ತ ಗಾಳಿಗೆ ವಿದ್ಯುತ್ ಸೋರುವ ಕರೋನಾದ ಚಟಪಟ ಸದ್ದು ಒಣ ಹವೆಯಲ್ಲಿ ಕೇಳಿಸದು. ತುಂತುರು, ಮಂಜು, ಇಬ್ಬನಿಯಲ್ಲಿ ಹೆಚ್ಚು, ಜೋರು ಮಳೆಯಲ್ಲಿ ಮಳೆಯ ಸದ್ದೇ ಅದನ್ನು ನುಂಗುತ್ತದೆ. ಆದ್ದರಿಂದ ಅಂದಾಜನ್ನು ಒದ್ದೆ ತಂತಿಗೆ ಮಾಡಿ, ಮಂಜು ಬಿದ್ದ ನಿಶ್ಶಬ್ದ ರಾತ್ರಿಯ ಹಿನ್ನೆಲೆ ಸದ್ದಿನ ಜೊತೆ ಹೋಲಿಸಬೇಕು. ಹೊಸ ತಂತಿಯ ಮೇಲೆ ಜಿಡ್ಡು ಇರುವುದರಿಂದ ನೀರು ಮಣಿಮಣಿಯಾಗಿ ನಿಂತು ಮೊದಮೊದಲು ಸದ್ದು ಜಾಸ್ತಿ. ಇದನ್ನು ಅಕ್ಕಪಕ್ಕದ ಮನೆಯವರಿಗೆ ಮೊದಲೇ ತಿಳಿಸಿದರೆ ದೂರುಗಳು ಅರ್ಧ ಕಡಿಮೆ.

'ನೆಲದೊಳಗೆ ಕೇಬಲ್ ಹಾಕಿಬಿಡಿ' ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಹಕ್ಕಿಗೂ ನೋಟಕ್ಕೂ ಅದು ಒಳ್ಳೆಯದು. ಆದರೆ ಟವರ್ 400 ಮೀಟರಿಗೊಂದು, ಕೇಬಲಿನ ಕಂದಕ ಉದ್ದಕ್ಕೂ. ಅದರ ಮೇಲೆ ಆಳ ಬೇರಿನ ಮರ ನೆಡುವಂತಿಲ್ಲ. ಕೇಬಲಿನ ನೇರ ಮೇಲೆ ಕಾಂತಕ್ಷೇತ್ರ ಓವರ್‌ಹೆಡ್ ಲೈನಿಗಿಂತ ಹೆಚ್ಚೇ ಇರಬಹುದು, ಪಕ್ಕಕ್ಕೆ ಸರಿದರೆ ಬೇಗ ಇಳಿಯುತ್ತದೆ. ಜೌಗಿನಲ್ಲಿ ಕಂದಕ ತೋಡಿದರೆ ನೀರಿನ ಹರಿವೇ ಕೆಡಬಹುದು.

ಲೈನ್ ಚಾಲೂ ಆದ ಮೇಲೆ

ಸತ್ತ ಹಕ್ಕಿಗಳ ಎಣಿಕೆಯಲ್ಲಿ ಸಿಕ್ಕಿದ್ದಷ್ಟನ್ನೇ ಬರೆದರೆ ಸುಳ್ಳು ಬರೆದಂತೆ. ನರಿ, ನಾಯಿಗಳು ಎತ್ತಿಕೊಂಡು ಹೋಗುತ್ತವೆ, ಹುಲ್ಲಿನಲ್ಲಿ ಕಾಣುವುದಿಲ್ಲ. ನಾವೇ 20 ಹಕ್ಕಿ ಕಳೇಬರ ಇಟ್ಟು ನೋಡಿದಾಗ ಹುಡುಕುವವರಿಗೆ 14 ಸಿಕ್ಕರೆ ಪತ್ತೆ ಪ್ರಮಾಣ 0.7. ಇಟ್ಟವುಗಳಲ್ಲಿ ಅರ್ಧ ಮಾತ್ರ ಮುಂದಿನ ಭೇಟಿಯವರೆಗೆ ಉಳಿದರೆ 0.5. ತಂತಿಯ ಕೆಳಗೆ ನಡೆಯಲಾದದ್ದು 60% ಜಾಗದಲ್ಲಿ, ಅದು 0.6. ಮೂರನ್ನೂ ಗುಣಿಸಿದರೆ 0.21. ನಿಜವಾಗಿ ಸಿಕ್ಕ 6 ಹಕ್ಕಿಯನ್ನು ಅದರಿಂದ ಭಾಗಿಸಿದರೆ ಸುಮಾರು 29. ಪೆಟ್ಟು ತಿಂದು ದೂರ ಹೋಗಿ ಸತ್ತವು ಇದರಲ್ಲೂ ಇಲ್ಲ.

ವರದಿಯ ಕೊನೆಯ ಕೋಷ್ಟಕವನ್ನು ನಾನು ಟವರ್ ಸಂಖ್ಯೆಯ ಪ್ರಕಾರವೇ ಬರೆಯುತ್ತೇನೆ. 'ಅಗತ್ಯವಿರುವೆಡೆ ಹಕ್ಕಿ ಸೂಚಕ ಅಳವಡಿಸಲಾಗುವುದು' ಎಂಬ ಸಾಲನ್ನು ಯಾರೂ ಟೆಂಡರಿಗೆ ಸೇರಿಸುವುದಿಲ್ಲ. '47ರಿಂದ 53ನೇ ಟವರ್, 2,400 ಮೀಟರ್, ಎರಡೂ ಅರ್ಥ್ ವೈರಿನಲ್ಲಿ 10 ಮೀಟರಿಗೊಂದು, ಒಂದರದ್ದು ಇನ್ನೊಂದರ ನಡುವೆ ಬರುವಂತೆ, ಒಟ್ಟು 480 ಸೂಚಕ, ಲೈನ್ ಚಾರ್ಜ್ ಮಾಡುವ ಮೊದಲು' ಎಂದು ಬರೆದರೆ ಗುತ್ತಿಗೆದಾರ ಬೆಲೆ ನಮೂದಿಸುತ್ತಾನೆ. ಅದರ ಕೆಳಗೇ ಇನ್ನೊಂದು ಸಾಲು: ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಉದುರುತ್ತದೆ, ವರ್ಷಕ್ಕೊಮ್ಮೆ ದುರ್ಬೀನಿನಿಂದ ಎಣಿಸಿ, ಬಿದ್ದಷ್ಟನ್ನು ಮತ್ತೆ ಹಾಕುವುದು.