ಸ್ಕೂಟರ್ ಕೂಲೆಂಟ್ ನಾನೇ ಬದಲಾಯಿಸಿದ್ದು – ಗಾಳಿ ತೆಗೆಯೋದೇ ಅಸಲಿ ಕೆಲಸ

ನನ್ನದು 155 ಸಿಸಿ ಲಿಕ್ವಿಡ್ ಕೂಲ್ಡ್ ಸ್ಕೂಟರ್, ಇಂಜಿನ್ ಆಯಿಲ್ ಗೇರ್ ಆಯಿಲ್ ಎಲ್ಲಾ ಮನೆಲೇ ಚೇಂಜ್ ಮಾಡ್ಕೋತೀನಿ, ಆದ್ರೆ ಕೂಲೆಂಟ್, ಅಂದ್ರೆ ಇಂಜಿನ್ ತಂಪು ಮಾಡೋಕೆ ಒಳಗೆ ಸುತ್ತೋ ದ್ರವದ ವಿಷಯಕ್ಕೆ ಬಂದ್ರೆ ಸುಮಾರು ಜನ "ಹಸಿರಾಗೇ ಇದೆಯಲ್ಲ, ಬಿಡು" ಅಂತಾರೆ. ಬಣ್ಣ ನೋಡಿ ಏನೂ ಗೊತ್ತಾಗಲ್ಲ. ಒಳಗಿರೋ ಗ್ಲೈಕಾಲ್ ಅಷ್ಟು ಬೇಗ ಹಾಳಾಗಲ್ಲ, ಮುಗಿದು ಹೋಗೋದು ಅದರ ಜೊತೆ ಸೇರಿಸಿರೋ ತುಕ್ಕು ತಡೆಯೋ ಅಂಶ. ಅದು ಮುಗಿದ ಮೇಲೆ ಅಲ್ಯೂಮಿನಿಯಂ ಹೆಡ್ಡು, ವಾಟರ್ ಪಂಪು, ರೇಡಿಯೇಟರ್ ಎಲ್ಲಾ ಒಳಗಿಂದ ನಿಧಾನಕ್ಕೆ ಸವೆಯೋಕೆ ಶುರು. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಇಷ್ಟು ಕಿಲೋಮೀಟರ್ ಇಲ್ಲಾ ಇಷ್ಟು ವರ್ಷ ಅಂತ ಕೊಟ್ಟಿರ್ತಾರೆ, ಗಾಡಿ ಜಾಸ್ತಿ ಓಡಿಸದೇ ಇದ್ರೂ ವರ್ಷದ ಲೆಕ್ಕ ಹಿಡೀಬೇಕು.

ಕೂಲೆಂಟ್ ತಗೊಳ್ಳುವಾಗ ನಾನು ನೋಡಿದ್ದು ಎರಡೇ: ಅಲ್ಯೂಮಿನಿಯಂ ಇಂಜಿನ್‌ಗೆ ಆಗೋದಾ, ಸಿಲಿಕೇಟ್ ಇಲ್ದೇ ಇರೋದಾ. ಸಿಲಿಕೇಟ್ ಇದ್ರೆ ವಾಟರ್ ಪಂಪ್ ಸೀಲನ್ನ ಉಜ್ಜಿ ಸವೆಸತ್ತೆ ಅನ್ನೋ ಕಾರಣಕ್ಕೆ ದ್ವಿಚಕ್ರ ವಾಹನಗಳಿಗೆ ಅದು ಬೇಡ ಅಂತಾರೆ. ನೀರು ಮಿಕ್ಸ್ ಮಾಡಿರೋದೇ ಸಿಗತ್ತೆ, ನೇರ ಸುರೀಬಹುದು. ಕಾನ್ಸಂಟ್ರೇಟ್ ತಂದ್ರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ನಲ್ಲಿ ನೀರು, ಬೋರ್ ನೀರು ಯಾವತ್ತೂ ಬೇಡ, ಅದರ ಸುಣ್ಣದಂಶ ಬಿಸಿಗೆ ಒಳಗೇ ಗಟ್ಟಿಯಾಗಿ ಕೂತ್ಕೊಂಡುಬಿಡತ್ತೆ. ಇನ್ನೊಂದು, ಕಾನ್ಸಂಟ್ರೇಟ್ ಜಾಸ್ತಿ ಹಾಕಿದ್ರೆ ಜಾಸ್ತಿ ತಂಪು ಅನ್ನೋದು ತಪ್ಪು ಲೆಕ್ಕ. ಬಿಸಿನ ಚೆನ್ನಾಗಿ ಹೊತ್ಕೊಂಡು ಹೋಗೋದು ನೀರೇ, ಗ್ಲೈಕಾಲ್ ಇರೋದು ಅದು ಬೇಗ ಕುದೀದೇ ಇರ್ಲಿ, ಚಳಿಗೆ ಹೆಪ್ಪುಗಟ್ಟದೇ ಇರ್ಲಿ ಅಂತ. ಈ ಥರದ ಸ್ಕೂಟರ್‌ಗೆ ಒಂದು ಲೀಟರ್ ಬಾಟಲಿ ಸಾಕು, ಇನ್ನೂ ಉಳಿಯತ್ತೆ.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ನಾನು ರಾತ್ರಿ ನಿಲ್ಲಿಸಿದ ಗಾಡಿನ ಬೆಳಿಗ್ಗೆ ಮುಟ್ಟಿದ್ದು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದ್ರೆ ಒಳಗಿನ ಪ್ರೆಶರ್ ಒಮ್ಮೆಲೇ ಇಳಿದು ಕುದೀತಿರೋ ಕೂಲೆಂಟ್ ಮುಖಕ್ಕೇ ಎಗರತ್ತೆ, ಇದರಲ್ಲಿ ಅವಸರ ಮಾಡೋ ಹಾಗೇ ಇಲ್ಲ. ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಲಗಡೆ ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕೆಳಗೆ ಬಿಳಿ ಬೇಸಿನ್ ಇಟ್ಟೆ. ಬಿಳೀದೇ ಯಾಕೆ ಅಂದ್ರೆ ಹಳೇ ಕೂಲೆಂಟ್‌ನಲ್ಲಿ ಏನೇನಿದೆ ಅಂತ ಅದ್ರಲ್ಲಿ ಚೆನ್ನಾಗಿ ಕಾಣತ್ತೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೇಲಿನ ಕ್ಯಾಪ್ ಮುಚ್ಚೇ ಇದ್ರೆ ಸಣ್ಣಗೆ ತೊಟ್ಟಿಕ್ಕತ್ತೆ ಅಷ್ಟೇ, ಕ್ಯಾಪ್ ಸಡಿಲ ಮಾಡಿದ ತಕ್ಷಣ ಗಾಳಿ ಒಳಗೆ ಹೋಗಿ ಜೋರಾಗಿ ಚಿಮ್ಮತ್ತೆ, ಹಾಗಾಗಿ ಬೇಸಿನ್ ಸ್ವಲ್ಪ ಮುಂದಕ್ಕೆ ಇಡಿ. ನಂದ್ರಲ್ಲಿ ಬಂದಿದ್ದು ಬಣ್ಣ ಮಾಸಿದ್ರೂ ತಿಳಿಯಾಗೇ ಇತ್ತು. ತುಕ್ಕಿನ ಬಣ್ಣ ಇದ್ರೆ ಡಿಸ್ಟಿಲ್ಡ್ ವಾಟರ್ ತುಂಬಿಸಿ ಇಂಜಿನ್ ಬಿಸಿ ಮಾಡಿ, ತಣಿದ ಮೇಲೆ ಖಾಲಿ ಮಾಡಿ ತೊಳೀಬೇಕು. ಎಣ್ಣೆ ಪದರ ತೇಲ್ತಿದ್ರೆ ಅದು ಕೂಲೆಂಟ್ ಚೇಂಜ್‌ಗೆ ಮುಗಿಯೋ ವಿಷಯ ಅಲ್ಲ, ಹೆಡ್ ಗ್ಯಾಸ್ಕೆಟ್ (ಹೆಡ್ಡು, ಸಿಲಿಂಡರ್ ಮಧ್ಯದ ಸೀಲು) ಕಡೆ ನೋಡ್ಬೇಕು. ತಿಳಿಯಾಗಿದ್ರೆ ತೊಳೆಯೋದೇ ಬೇಡ ಅನ್ನೋದು ನನ್ನ ಅಭಿಪ್ರಾಯ, ತೊಳೆದ ನೀರು ಒಂದಷ್ಟು ಒಳಗೇ ಉಳ್ಕೊಂಡು ಹೊಸ ಕೂಲೆಂಟನ್ನ ತೆಳು ಮಾಡತ್ತೆ.

ರಿಸರ್ವ್ ಟ್ಯಾಂಕ್ (ಹೆಚ್ಚುವರಿ ಕೂಲೆಂಟ್ ಇರೋ ಸಣ್ಣ ಡಬ್ಬ) ಖಾಲಿ ಮಾಡೋದು ಮರೀಬೇಡಿ ದಯವಿಟ್ಟು! ಇಂಜಿನ್ ತಣಿಯುವಾಗ ರೇಡಿಯೇಟರ್ ಅಲ್ಲಿಂದಲೇ ವಾಪಸ್ ಎಳ್ಕೊಳ್ಳೋದು, ಅಲ್ಲಿ ಹಳೇದು ಬಿಟ್ರೆ ಅದೇ ಹೊಸದಕ್ಕೆ ಸೇರತ್ತೆ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ ಕೈಯಲ್ಲಿ ಪೂರ್ತಿ ತಿರುಗಿಸಿ ಆಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ ಟೈಟ್ ಮಾಡಿದೆ, ಅಲ್ಯೂಮಿನಿಯಂ ಥ್ರೆಡ್ಡು, ಬಲ ಹಾಕಿದ್ರೆ ಕಿತ್ತೇ ಹೋಗತ್ತೆ.

ಇಲ್ಲಿವರೆಗೂ ಸುಲಭ. ಅಸಲಿ ಕೆಲಸ ಇರೋದು ತುಂಬಿಸೋದ್ರಲ್ಲಿ. ಸ್ಕೂಟರ್ ಇಂಜಿನ್ ಹೆಚ್ಚುಕಮ್ಮಿ ಮಲಗಿದ ಹಾಗಿರತ್ತೆ, ಹೋಸ್‌ಗಳು ಏರಿ ಇಳಿದು ಹೋಗಿರತ್ವೆ, ಎಲ್ಲಿ ಎತ್ತರ ಇದೆಯೋ ಅಲ್ಲಿ ಗಾಳಿ ಸಿಕ್ಕಾಕೊಳ್ಳತ್ತೆ. ಗಾಳಿ ಇದ್ದ ಜಾಗದಲ್ಲಿ ಲೋಹಕ್ಕೆ ಕೂಲೆಂಟ್ ತಾಗಲ್ಲ, ಪಂಪ್ ಕೂಡ ಗಾಳಿನ ತಳ್ಳಲಾರದು, ಟೆಂಪರೇಚರ್ ಸೆನ್ಸರ್ ಗಾಳಿಲಿದ್ರೆ ತಪ್ಪೇ ಹೇಳ್ಬಹುದು. ಅದಕ್ಕೆ ಸಣ್ಣ ಧಾರೆಲಿ ನಿಧಾನಕ್ಕೆ ಸುರಿದೆ. ರೇಡಿಯೇಟರ್ ಬಾಯಿಯ ಕತ್ತಿನವರೆಗೆ ಬಂತು ಅಂದಾಗ ಹೋಸನ್ನ ಕೈಯಲ್ಲಿ ಹಿಸುಕ್ತಾ ಹೋದೆ, ಗುಳುಗುಳು ಅಂತ ಗುಳ್ಳೆ ಎದ್ದು ಮಟ್ಟ ಇಳೀತು, ಮತ್ತೆ ಸುರಿದೆ, ಗಾಡಿನ ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸಿದೆ, ಮತ್ತೆ ಇಳೀತು. ಕೆಲವು ಮಾಡೆಲ್‌ಗಳಲ್ಲಿ ಗಾಳಿ ಬಿಡೋಕೆ ಅಂತಲೇ ಹೆಡ್ ಹತ್ರ ಬೋಲ್ಟ್ ಇರತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ.

ಆಮೇಲೆ ಕ್ಯಾಪ್ ಹಾಕದೇ ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟೆ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗಿರಲಿ, ಥ್ರಾಟಲ್ ಚೂರೇ ಚೂರು ಕೊಟ್ಟು ಬಿಟ್ರೂ ಅದು ತಿರುಗತ್ತೆ. ಮೊದಲು ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬಂತು, ಸ್ವಲ್ಪ ಹೊತ್ತು ಏನೂ ಇಲ್ಲ, ಮುಗೀತೇನೋ ಅನ್ನೋ ಅಷ್ಟರಲ್ಲಿ ಥರ್ಮೋಸ್ಟ್ಯಾಟ್ (ಬಿಸಿಯಾದ ಮೇಲೆ ಕೂಲೆಂಟನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ತೆರೀತು, ದೊಡ್ಡದೊಂದು ಗುಳ್ಳೆ ಬಂದು ಮಟ್ಟ ದಿಢೀರ್ ಕೆಳಗಿಳೀತು. ಇದಕ್ಕೆ ಕಾಯಲೇಬೇಕು, ಥರ್ಮೋಸ್ಟ್ಯಾಟ್ ಆಚೆ ಇದ್ದ ಗಾಳಿ ಈಗಲೇ ಹೊರಗೆ ಬರೋದು. ಮಟ್ಟ ತುಂಬಿಸಿ, ಗುಳ್ಳೆ ನಿಂತು, ಕೂಲೆಂಟ್ ಕತ್ತಿನಲ್ಲಿ ಉಬ್ಬಿ ಏರೋಕೆ ಮುಂಚೆ ಇಂಜಿನ್ ಆಫ್ ಮಾಡಿ ಕ್ಯಾಪ್ ಹಾಕಿದೆ. ಕ್ಯಾಪ್‌ನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ, ಅದು ಪ್ರೆಶರ್ ಹಿಡಿದ್ರೇನೇ ಕೂಲೆಂಟ್ 100 ಡಿಗ್ರಿಗಿಂತ ಸಾಕಷ್ಟು ಮೇಲೆ ಹೋದ್ರೂ ಕುದೀದೇ ನಿಲ್ಲೋದು.

ನೆಲಕ್ಕೆ ಚೆಲ್ಲಿದ್ದನ್ನ ಆಗಲೇ ಬಟ್ಟೆಲಿ ಒರೆಸಿ ತೊಳೆದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ, ಮಕ್ಕಳಿಗೂ ಅಷ್ಟೇ ಅಪಾಯ. ಹಳೇದನ್ನ ಚರಂಡಿಗೆ ಸುರೀದೇ ಮುಚ್ಚಳ ಇರೋ ಕ್ಯಾನ್‌ನಲ್ಲಿ ಹೆಸರು ಬರೆದು ಎತ್ತಿಟ್ಟು, ವೇಸ್ಟ್ ಆಯಿಲ್ ತಗೊಳ್ಳೋ ಕಡೆ ಕೊಡಿ.

ರಿಸರ್ವ್ ಟ್ಯಾಂಕನ್ನ ಮೇಲಿನ ಗೆರೆವರೆಗೆ ತುಂಬಿಸಿ ಒಂದು ರೌಂಡ್ ಹೋಗಿ ಬಂದೆ. ಮಾರನೇ ದಿನ ತಣ್ಣಗಿರುವಾಗ ನೋಡಿದ್ರೆ ಮಟ್ಟ ಸ್ವಲ್ಪ ಇಳಿದಿತ್ತು, ಉಳಿದಿದ್ದ ಗಾಳಿ ಹೊರಗೆ ಹೋಗಿ ಆ ಜಾಗಕ್ಕೆ ಕೂಲೆಂಟ್ ಎಳ್ಕೊಂಡಿದೆ ಅಂತ ಅರ್ಥ, ಅಷ್ಟನ್ನ ತುಂಬಿಸಿದೆ. ಆಮೇಲೂ ದಿನಾ ಇಳೀತಾನೇ ಇದ್ರೆ ಮಾತ್ರ ವಾಟರ್ ಪಂಪ್ ಕೆಳಗಿರೋ ಸಣ್ಣ ತೂತಿನ ಹತ್ರ ಒದ್ದೆ ಇದೆಯಾ ನೋಡಿ, ಅಲ್ಲಿಂದ ಕೂಲೆಂಟ್ ಜಿನುಗ್ತಿದ್ರೆ ಪಂಪ್ ಸೀಲ್ ಹೋಗಿದೆ.